ಅಡಿಕೆ ಡಬ್ಬಿಗೆ ಒಡ್ಡೋಲಗ ಬೇಕಾ?

ಸೊಪ್ಪಿನಬೆಟ್ಟ, ಶಿರಸಿ

ಅಡಿಕೆ ಡ್ರೈಯರ್ ಒಳಗಿನ ಶಾಖ, ತೇವಾಂಶ ಅಳೆದು ಫೋನಿಗೆ ಕಳಿಸುವ ಸಣ್ಣ ಡಬ್ಬಿ. ಒಳಗೆ ವೈಫೈ ಇರುವ ಇಎಸ್‌ಪಿ32 ಚಿಪ್, ಶಾಖ-ತೇವಾಂಶ ಅಳೆಯುವ ಎಸ್‌ಎಚ್‌ಟಿ31 ಸೆನ್ಸರ್. ಮನೆಯ ವೈಫೈಗೆ ಸೇರಿಕೊಳ್ಳುತ್ತದೆ. ನಾಲ್ಕು ಜನರ ಕಂಪನಿ, ಮೊದಲ ಸುತ್ತಿಗೆ 120 ಡಬ್ಬಿ, ಅಕ್ಟೋಬರ್ ಕೊನೆಗೆ ಮಾರಾಟ.

ಬಿಡುಗಡೆ ಹೇಗೆ ಮಾಡುವುದು ಎಂಬಲ್ಲಿ ಜಗಳ. ಒಂದು ಪಕ್ಷಕ್ಕೆ ಶಿರಸಿಯಲ್ಲೇ ಸಭಾಭವನ ಬೇಕು: 300 ಕುರ್ಚಿ, 12 ಅಡಿಗೆ 8 ಅಡಿಯ ಎಲ್‌ಇಡಿ ಗೋಡೆ, ವೇದಿಕೆ ಮೇಲೆ ಲೈವ್ ಡೆಮೊ, ಯೂಟ್ಯೂಬ್ ನೇರಪ್ರಸಾರ, ಬೆಂಗಳೂರಿನಿಂದ ಟೆಕ್ ಪತ್ರಕರ್ತರು. ಇನ್ನೊಂದು ಪಕ್ಷ, ದೊಡ್ಡ ಕಂಪನಿಗಳೇ ವೇದಿಕೆ ಬಿಟ್ಟಿವೆ, ಒಂದು ವಿಡಿಯೊ ಹಾಕಿದರೆ ಮುಗೀತು ಅನ್ನುತ್ತದೆ. ಯಾವುದು ಸರಿ? ಸಮಾರಂಭ ಮಾಡುವುದೇ ಆದರೆ ಎಲ್ಲೆಲ್ಲಿ ಕೈಕೊಡುತ್ತದೆ?

ಕೂರ್ಮಗಡ, ಕಾರವಾರ

ದೊಡ್ಡವರು ವೇದಿಕೆ ಬಿಟ್ಟಿದ್ದಾರೆ ಅನ್ನುವುದು ಅರ್ಧ ಮಾತ್ರ ನಿಜ. ಏನನ್ನು ಬಿಟ್ಟರು, ಏನನ್ನು ಇಟ್ಟುಕೊಂಡರು ಅಂತ ಬಿಡಿಸಿ ನೋಡಬೇಕು.

ಆಪಲ್ 2020ರ ಜೂನ್‌ನಿಂದ ಭಾಷಣವನ್ನು ಮೊದಲೇ ಚಿತ್ರೀಕರಿಸಿ ತೋರಿಸುವ ಪದ್ಧತಿಗೆ ಬಂತು. ಕೋವಿಡ್ ಹೋದ ಮೇಲೂ ಹಳೇ ಪದ್ಧತಿಗೆ ಮರಳಲಿಲ್ಲ. ಆದರೆ ಪತ್ರಕರ್ತರನ್ನು ತನ್ನ ಕೇಂದ್ರ ಕಚೇರಿ ಇರುವ ಕ್ಯುಪರ್ಟಿನೊಗೆ ಕರೆಯುವುದು ನಿಂತಿಲ್ಲ. ಕರೆಸಿ, ಅದೇ ವಿಡಿಯೊ ದೊಡ್ಡ ಪರದೆಯಲ್ಲಿ ತೋರಿಸಿ, ಆಮೇಲೆ ಪಕ್ಕದ ಹಾಲ್‌ಗೆ ಬಿಡುತ್ತಾರೆ. ಅಲ್ಲಿ ಮೇಜಿನ ಮೇಲೆ ಫೋನ್ ಸಾಲಾಗಿ ಇರುತ್ತದೆ, ಎತ್ತಿ ನೋಡಬಹುದು. ಕೆಲವು ಸರಕಿಗೆ ಅಂಥ ದೊಡ್ಡ ಭಾಷಣವೂ ಇಲ್ಲ: 2024ರ ಅಕ್ಟೋಬರ್ 28ರಿಂದ 30ರವರೆಗೆ ಐಮ್ಯಾಕ್, ಮ್ಯಾಕ್ ಮಿನಿ, ಮ್ಯಾಕ್‌ಬುಕ್ ಪ್ರೊ ದಿನಕ್ಕೊಂದರಂತೆ ಪತ್ರಿಕಾ ಪ್ರಕಟಣೆಯಲ್ಲೇ ಹೊರಬಂದವು. ಗೇಮಿಂಗಿನವರದ್ದೂ ಇದೇ ಕತೆ. ನಿಂಟೆಂಡೊ 2011ರಲ್ಲೇ ತನ್ನ ಸುದ್ದಿಯನ್ನು ತಾನೇ ವಿಡಿಯೊದಲ್ಲಿ ಹೇಳತೊಡಗಿತು. 1995ರಲ್ಲಿ ಶುರುವಾದ ಇ3 ಎಂಬ ಗೇಮಿಂಗ್ ಮೇಳವನ್ನು ಶಾಶ್ವತವಾಗಿ ನಿಲ್ಲಿಸಿದ್ದೇವೆ ಎಂಬ ಘೋಷಣೆ 2023ರ ಡಿಸೆಂಬರ್‌ನಲ್ಲಿ ಬಂತು.

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಒಂದು ಬ್ಲಾಗ್ ಬರಹದೊಂದಿಗೆ ಬಂತು. ವೇದಿಕೆ ಇಲ್ಲ, ಕುರ್ಚಿ ಇಲ್ಲ. ಅದು ಯಾಕೆ ಸಾಕಾಯಿತು ಅಂದರೆ, ಓದಿದವನು ಆ ನಿಮಿಷವೇ ತೆರೆದು ಬಳಸಿ ನೋಡಬಹುದಿತ್ತು. ನಿಮ್ಮ ಡಬ್ಬಿಯನ್ನು ಹಾಗೆ ಲಿಂಕಿನಲ್ಲಿ ಕಳಿಸೋಕೆ ಆಗೋದಿಲ್ಲ. ಅದು ಕೈಗೆ ಸಿಗಬೇಕು. ಹಾಗಾಗಿ ನಿಮಗೆ ಬೇಕಾದದ್ದು ಮೇಜು. ವೇದಿಕೆಗೂ ಮೇಜಿಗೂ ಖರ್ಚಿನಲ್ಲಿ ಅಜಗಜಾಂತರ.

ಪತ್ರಕರ್ತರ ವಿಷಯ: ಶಿರಸಿಗೆ ರೈಲಿಲ್ಲ, ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್ ರಸ್ತೆ. ಒಬ್ಬ ಟೆಕ್ ವರದಿಗಾರನ ಎರಡು ದಿನ 120 ಡಬ್ಬಿಗೆ ಹೋಗೋದಿಲ್ಲ. ಡಬ್ಬಿಯನ್ನೇ ಕೊರಿಯರ್ ಮಾಡಿ, ಜೊತೆಗೆ ಒಂದು ಪುಟದ ವಿವರ, ಇಂಥ ದಿನಕ್ಕೆ ಮುಂಚೆ ಪ್ರಕಟಿಸಬೇಡಿ ಎಂಬ ಒಂದು ಸಾಲು. ಜಿಲ್ಲಾ ಪತ್ರಿಕೆಗಳಿಗೆ ಡ್ರೈಯರ್ ಪಕ್ಕದಲ್ಲೇ ಫೋಟೊ ತೆಗೆಯಲು ಬಿಡಿ.

ಅಘನಾಶಿನಿ

ಲೈವ್ ಡೆಮೊ ಬಗ್ಗೆ ಮಾತ್ರ ಹೇಳ್ತೇನೆ. ನೀವು ಹೇಳಿದ ಜೋಡಣೆ (ಇಎಸ್‌ಪಿ32, ವೈಫೈ, 300 ಜನ) ವೇದಿಕೆ ಮೇಲೆ ಕೈಕೊಡುವುದು ಹೆಚ್ಚುಕಮ್ಮಿ ಖಚಿತ.

2010ರ ಜೂನ್ 7ರಂದು ಐಫೋನ್ 4 ತೋರಿಸುವಾಗ ಸ್ಟೀವ್ ಜಾಬ್ಸ್ ಕೈಯಲ್ಲೇ ವೆಬ್‌ಪುಟ ತೆರೆಯಲಿಲ್ಲ. ಸಭಾಂಗಣದ ಒಳಗೆ 570 ವೈಫೈ ಬೇಸ್ ಸ್ಟೇಷನ್ ಚಾಲೂ ಇತ್ತು, ಹೆಚ್ಚಿನವು ಬ್ಲಾಗರುಗಳ ಕಿಸೆಯಲ್ಲಿದ್ದ ಹಾಟ್‌ಸ್ಪಾಟ್. ಲ್ಯಾಪ್‌ಟಾಪ್ ಮುಚ್ಚಿ ಕೆಳಗಿಡಿ ಎಂದು ಬೇಡಿಕೊಳ್ಳಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮೆಟಾದ ಸ್ಮಾರ್ಟ್ ಕನ್ನಡಕದ ಡೆಮೊ ನಿಂತಾಗ ಎಲ್ಲರೂ ವೈಫೈಯನ್ನೇ ಬೈದರು, ಕಾರಣ ಬೇರೆ ಇತ್ತು: ವೇದಿಕೆ ಮೇಲಿನವರು ಎಚ್ಚರಿಸುವ ಪದ ಹೇಳಿದ ಕೂಡಲೇ ಆ ಕಟ್ಟಡದಲ್ಲಿದ್ದ ಎಲ್ಲಾ ಕನ್ನಡಕಗಳೂ ಎದ್ದವು. ಅವೆಲ್ಲದರ ಟ್ರಾಫಿಕ್ ಡೆಮೊಗೆಂದು ಬೇರೆ ಇಟ್ಟಿದ್ದ ಒಂದೇ ಸರ್ವರಿಗೆ ನುಗ್ಗಿತು. ಅಭ್ಯಾಸದ ದಿನ ಅಷ್ಟು ಕನ್ನಡಕ ಅಲ್ಲಿರಲಿಲ್ಲ, ಹಾಗಾಗಿ ಗೊತ್ತಾಗಲಿಲ್ಲ. ಖಾಲಿ ಹಾಲ್‌ನಲ್ಲಿ ಮಾಡಿದ ರಿಹರ್ಸಲ್ ರಿಹರ್ಸಲ್ಲೇ ಅಲ್ಲ.

ನಿಮ್ಮ ಚಿಪ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. 300 ಫೋನಿನ ಹಾಟ್‌ಸ್ಪಾಟ್, ಬ್ಲೂಟೂತ್ ಇಯರ್‌ಫೋನ್ ಎಲ್ಲಾ ಅಲ್ಲೇ ನೂಕಾಡುತ್ತವೆ. ವೇದಿಕೆ ಮೇಲೆ ತೋರಿಸಲೇಬೇಕು ಅಂದರೆ ರೇಡಿಯೊ ನಂಬಬೇಡಿ. ಡಬ್ಬಿಯಿಂದ ಯುಎಸ್‌ಬಿ ವೈರ್ ಎಳೆದು ಲ್ಯಾಪ್‌ಟಾಪಿನಲ್ಲೇ ರೀಡಿಂಗ್ ತೋರಿಸಿ. ಎಂಕ್ಯುಟಿಟಿ ಬ್ರೋಕರ್ (ರೀಡಿಂಗ್ ಪಡೆದು ಆಪ್‌ಗೆ ದಾಟಿಸುವ ತಂತ್ರಾಂಶ) ಅದೇ ಲ್ಯಾಪ್‌ಟಾಪಿನಲ್ಲಿ ಓಡಲಿ, ಕ್ಲೌಡಿಗೆ ಹೋಗಿ ಬರುವುದು ಬೇಡ. ಫೋನಿನ ಪರದೆಯನ್ನು ಗೋಡೆಗೆ ಹಾಕುವುದೂ ಎಚ್‌ಡಿಎಂಐ ವೈರಿನಲ್ಲೇ.

ಬೀಳುವಂಥ ಗುಂಡಿ ಇನ್ನೆರಡಿವೆ. ಆಪ್‌ಗೆ ಓಟಿಪಿ ಲಾಗಿನ್ ಇದ್ದರೆ ಹಿಂದಿನ ದಿನವೇ ಲಾಗಿನ್ ಆಗಿ ಕೂತಿರಿ. ಕ್ಯುಆರ್ ಕೋಡ್ ತೋರಿಸಿ ಎಲ್ಲರೂ ಈಗಲೇ ಆಪ್ ಇಳಿಸಿಕೊಳ್ಳಿ ಅನ್ನಬೇಡಿ: 60 ಎಂಬಿ ಆಪ್, 100 ಜನ, ಅಂದರೆ 6 ಜಿಬಿ, ಒಂದೇ ಟವರ್. ಕ್ಯುಆರ್ ಹಿಂದೆ 200 ಕೆಬಿಯ ಸಾದಾ ವೆಬ್‌ಪುಟ ಇಡಿ ಸಾಕು.

ಅಸಲಿಗೆ ಅಲ್ಲಿ ತೋರಿಸೋದಾದರೂ ಎಂತ? ಚಾಲಿ (ಸಿಪ್ಪೆ ಸಮೇತ ಒಣಗಿಸುವ ಅಡಿಕೆ) ಬಿಸಿಲಲ್ಲಿ ಒಣಗೋಕೆ 40 ದಿನ ಬೇಕು, ಡ್ರೈಯರ್‌ನಲ್ಲೂ ದಿನಗಟ್ಟಲೆ ಕೆಲಸ. ನಾಲ್ಕು ನಿಮಿಷದ ಡೆಮೊದಲ್ಲಿ ಅಡಿಕೆಯಲ್ಲಿ ಏನೂ ಬದಲಾಗೋದಿಲ್ಲ. ಡ್ರೈಯರ್ ಒಳಗೆ ಪೂರ್ತಿ ಒಂದು ಸುತ್ತು ಡಬ್ಬಿ ಇಟ್ಟು ಬಂದ ಗ್ರಾಫನ್ನು ಎ3 ಕಾಗದದಲ್ಲಿ ಅಚ್ಚು ಹಾಕಿಸಿ. ಕಟ್ಟಿಗೆ ಆರಿ ಶಾಖ ಬಿದ್ದ ಜಾಗಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಬೆಳೆಗಾರ ಅದನ್ನು ನೋಡಿದ ಕೂಡಲೇ ಹೊತ್ತೆಷ್ಟು ಅಂತ ಕೇಳ್ತಾನೆ. ನಡುರಾತ್ರಿ ಎರಡು ಗಂಟೆ ಅಂದರೆ ಮುಂದಿನ ವಿವರಣೆ ಬೇಕಾಗೋದಿಲ್ಲ.

ಚೌಕಿಮನೆ

ಎಲ್‌ಇಡಿ ಗೋಡೆ ಅಂದ್ರಲ್ಲ, ಅದರ ಲೆಕ್ಕ. ಬಾಡಿಗೆಗೆ ಸಾಮಾನ್ಯವಾಗಿ ಸಿಗುವುದು ಪಿ3.91 (ಚುಕ್ಕಿಯಿಂದ ಚುಕ್ಕಿಗೆ 3.91 ಮಿಲಿಮೀಟರ್), ಅರ್ಧ ಮೀಟರ್ ಚೌಕದ ಫಲಕ, ಒಂದೊಂದರಲ್ಲಿ 128×128 ಪಿಕ್ಸೆಲ್. 12×8 ಅಡಿಗೆ 7 ಅಡ್ಡ, 5 ಉದ್ದ, ಒಟ್ಟು 35 ಫಲಕ. ಅಂದರೆ ಗೋಡೆ ಇಡೀ 896×640 ಪಿಕ್ಸೆಲ್. ನೀವು 1920 ಅಗಲದ ಸ್ಲೈಡ್ ಕೊಟ್ಟರೆ ಅದು ಅರ್ಧಕ್ಕಿಂತ ಕೆಳಗೆ ಕುಗ್ಗುತ್ತದೆ. 24 ಪಿಕ್ಸೆಲಿನ ಅಕ್ಷರ 11 ಆಗುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತೇಲಿಕೊಳ್ಳುತ್ತದೆ, ಕನ್ನಡದ ಒತ್ತು ಉಳಿಯೋದಿಲ್ಲ. ‘ಒಣಗುತ್ತಿದೆ’ ಅನ್ನುವಲ್ಲಿ ತ ಕೆಳಗಿನ ಒತ್ತು ಎರಡು ಚುಕ್ಕಿ ಆಗಿ ಕೂರುತ್ತದೆ. ಸ್ಲೈಡನ್ನೇ 896×640ಕ್ಕೆ ಕಟ್ಟಿ, ಅಕ್ಷರ 60 ಪಿಕ್ಸೆಲಿಗೆ ಕಡಿಮೆ ಬೇಡ, ಸ್ಲೈಡಿಗೆ ಎರಡು ಸಾಲು.

ನುಡಿ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡನ್ನು ಹಾಲ್‌ನವರ ಲ್ಯಾಪ್‌ಟಾಪಿಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್‌ನಲ್ಲಿ ಬರೆದು ಪಿಡಿಎಫ್ ಮಾಡಿಕೊಂಡು ಹೋಗಿ.

ಕರೆಂಟು. ಮಳೆ ಹಿಂದೆ ಸರಿಯುವ ಅಕ್ಟೋಬರ್‌ನಲ್ಲಿ ಸಂಜೆಯ ಗುಡುಗಿಗೆ ಘಟ್ಟದ ಮೇಲೆ ಲೈನ್ ಹೋಗುವುದು ಮಾಮೂಲು. ಜನರೇಟರ್ ಇದೆ ಅಂತ ಹಾಲ್‌ನವರು ಹೇಳ್ತಾರೆ, ಅದು ಹಿಡಿದುಕೊಳ್ಳುವವರೆಗಿನ ಅರ್ಧ ನಿಮಿಷ ಯಾರದ್ದು? ಗೋಡೆ ಬಿಟ್ಟು ಪ್ರೊಜೆಕ್ಟರ್ ಇಟ್ಟರೆ ಪ್ರೊಜೆಕ್ಟರ್ 300 ವ್ಯಾಟ್, ಲ್ಯಾಪ್‌ಟಾಪ್ 65, ಮಿಕ್ಸರ್ 50, ರೂಟರ್ ಮತ್ತು ಇಂಟರ್ನೆಟ್ಟಿನ ಫೈಬರ್ ಡಬ್ಬಿ 20. ಒಟ್ಟು 435. ಎರಡು 7 ಎಎಚ್ ಬ್ಯಾಟರಿಯ 1 ಕೆವಿಎ ಯುಪಿಎಸ್ ಇದನ್ನು ಹತ್ತು ನಿಮಿಷ ಎಳೆಯುತ್ತದೆ, ಸಾಕು. ಫೈಬರ್ ಡಬ್ಬಿಯನ್ನು ಮರೆಯುವವರೇ ಹೆಚ್ಚು. ಲ್ಯಾಪ್‌ಟಾಪ್ ಓಡುತ್ತಿರುತ್ತದೆ, ನೇರಪ್ರಸಾರ ಸತ್ತಿರುತ್ತದೆ.

ನೇರಪ್ರಸಾರಕ್ಕೆ 1080ರ ಹಟ ಬೇಡ. 720ಕ್ಕೆ 2.5 ಎಂಬಿಪಿಎಸ್, ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಅಂತರ) 2 ಸೆಕೆಂಡ್. ಅಪ್‌ಲೋಡ್ ಅದರ ಎರಡು ಪಟ್ಟಾದರೂ ಇರಬೇಕು. ಜನ ತುಂಬಿದ ಮೇಲೆ ಅಳೆಯಿರಿ, ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಅಳೆದ ಸ್ಪೀಡ್‌ಟೆಸ್ಟ್ ಚಿತ್ರ ಉಪಯೋಗಕ್ಕಿಲ್ಲ. ಒಂದೂವರೆ ಗಂಟೆಗೆ 1.7 ಜಿಬಿ ಹೋಗುತ್ತದೆ, ಬೇರೆ ಕಂಪನಿಯ ಸಿಮ್ ಒಂದು ತಯಾರಿರಲಿ.

ಇಷ್ಟೆಲ್ಲಾ ಹೇಳಿಯೂ ನನ್ನ ಅಭಿಪ್ರಾಯ: ನೇರಪ್ರಸಾರ ಯಾಕೆ? ಯಕ್ಷಗಾನದಲ್ಲಿ ಚಂಡೆ ಬಡಿದು ಒಡ್ಡೋಲಗ ಕೊಡುವುದು ಪಾತ್ರ ರಂಗಕ್ಕೆ ಬರುವಾಗ. ನಿಮ್ಮ ಪಾತ್ರ ಡ್ರೈಯರ್ ಒಳಗೆ ಕೂತಿರುತ್ತದೆ. ಆರು ನಿಮಿಷದ ವಿಡಿಯೊ, ಕತ್ತರಿಸಿ ಜೋಡಿಸಿ, ವಾಟ್ಸಾಪ್‌ನಲ್ಲಿ ಓಡುವಷ್ಟು ಚಿಕ್ಕದು ಮಾಡಿ.

ಕೂರ್ಮಗಡ, ಕಾರವಾರ

ವಿಡಿಯೊಗೆ ಒಂದು ಸೇರಿಸ್ತೇನೆ. ಕರಾವಳಿಯಲ್ಲಿ ಚಿತ್ರೀಕರಿಸುವುದಾದರೆ ಕ್ಯಾಮೆರಾವನ್ನು ಎಸಿ ರೂಮಿನಿಂದ ನೇರ ಹೊರಗೆ ತರಬೇಡಿ. 30 ಡಿಗ್ರಿ, 80 ಶೇಕಡಾ ತೇವಾಂಶದಲ್ಲಿ 26 ಡಿಗ್ರಿಗೆ ಕೆಳಗಿರುವ ಗಾಜಿನ ಮೇಲೆಲ್ಲಾ ಮಂಜು ಕೂರುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಹೊರಗಿಡಿ. ಡ್ರೋನ್ ಶಾಟ್ ಬೇಕು ಅನ್ನುವವರು ಮೊದಲು ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಕಾರವಾರ ಅಂದರೆ ನೌಕಾನೆಲೆ, ಹಾರಿಸಿ ಆಮೇಲೆ ಕೇಳುವ ಊರಲ್ಲ.

ಚಾಲಿಲೆಕ್ಕ

ಎಲ್ಲರೂ ಹಾಲ್ ಬಗ್ಗೆಯೇ ಹೇಳ್ತಾ ಇದ್ದೀರಿ ಮಾರಾಯ್ರೆ, ದಿನಾಂಕದ ಬಗ್ಗೆ ಯಾರೂ ಹೇಳಲಿಲ್ಲ.

ಘೋಷಣೆಗೂ ಮಾರಾಟಕ್ಕೂ ನಡುವೆ ಅಂತರ ಬಿಡಬೇಡಿ. ಮೊದಲ ಐಫೋನನ್ನು 2007ರ ಜನವರಿ 9ಕ್ಕೆ ತೋರಿಸಿ ಜೂನ್ 29ಕ್ಕೆ ಮಾರಿದರು. ಅದಕ್ಕೆ ಕಾರಣವಿತ್ತು, ಅಮೆರಿಕದ ಸರ್ಕಾರಿ ಅನುಮೋದನೆಗೆ ಅರ್ಜಿ ಹಾಕಿದ ಕೂಡಲೇ ಗುಟ್ಟು ಬಯಲಾಗುತ್ತಿತ್ತು. ನಿಮಗೆ ಯಾವ ಗುಟ್ಟು? ಅದೇ ಕಂಪನಿ 2017ರ ಸೆಪ್ಟೆಂಬರ್‌ನಲ್ಲಿ ಏರ್‌ಪವರ್ ಎಂಬ ಚಾರ್ಜಿಂಗ್ ಚಾಪೆ ತೋರಿಸಿ, 2019ರ ಮಾರ್ಚ್‌ನಲ್ಲಿ ಕೈಬಿಟ್ಟೆವು ಅಂತ ಹೇಳಬೇಕಾಯಿತು. ಅವರು ಅದನ್ನು ತಾಳಿಕೊಳ್ಳುತ್ತಾರೆ. ಶಿರಸಿಯಲ್ಲಿ ಹೆಸರು ಕೆಟ್ಟರೆ ಸಿದ್ದಾಪುರ, ಯಲ್ಲಾಪುರಕ್ಕೆ ಸಂಜೆಯೊಳಗೆ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಕಾಗದಪತ್ರ. ವೈಫೈ ಇರುವುದರಿಂದ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲಿನ ಇಟಿಎ (ರೇಡಿಯೊ ಉಪಕರಣದ ಅನುಮೋದನೆ), ಜೊತೆಗೆ ಕೊಡುವ ಅಡಾಪ್ಟರಿಗೆ ಬಿಐಎಸ್ ಗುಣಮಟ್ಟದ ಗುರುತು, ಪೊಟ್ಟಣದ ಮೇಲೆ ಎಂಆರ್‌ಪಿ, ತಯಾರಕರ ವಿಳಾಸ, ಗ್ರಾಹಕ ಸೇವೆಯ ನಂಬರು. ಇವು ಕೈಗೆ ಬಂದ ಮೇಲೆ ದಿನಾಂಕ ಹೇಳಿ. 120ರಲ್ಲಿ ಕೆಟ್ಟದ್ದಕ್ಕೆ ಬದಲಿ ಕೊಡಲು 10, ಮೇಜಿಗೆ 6, ಪತ್ರಿಕೆಗೆ 4. ಮಾರುವುದು 100 ಅಂತಲೇ ಇಟ್ಟುಕೊಳ್ಳಿ.

ಮೇಜು ಎಲ್ಲಿ ಅಂದರೆ ಅಡಿಕೆ ತಂದು ಹಾಕುವ ಜಾಗದಲ್ಲಿ, ಅನುಮತಿ ಕೇಳಿಕೊಂಡು, ಟೆಂಡರ್ ಆಗುವ ಹೊತ್ತಿಗೆ. ಬೆಳೆಗಾರ ಅಲ್ಲಿ ಹೇಗೂ ಕಾಯುತ್ತಿರುತ್ತಾನೆ. ಹಾಲ್‌ಗೆ ಬರಬೇಕಾದರೆ ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಇಳಿಸುವವ) ಸಿಕ್ಕ ದಿನವನ್ನು ಬಿಟ್ಟು ಬರಬೇಕು, ಬರೋದಿಲ್ಲ. ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಅದೂ ಕೊಯ್ಲು ಮುಗಿಯುತ್ತಾ ಬಂದ ಮೇಲೆ, ಮತ್ತೆ ಅಲ್ಲಿಯ ಜನ ತೊಟ್ಟಿಲು ನೋಡಲು ಬಂದವರು.

ಒಂದೇ ಒಂದು ಸಭೆ ಬೇಕು, ಡ್ರೈಯರ್ ಕಟ್ಟುವವರದ್ದು ಮತ್ತು ಎಲೆಕ್ಟ್ರಿಷಿಯನ್‌ಗಳದ್ದು. 15 ಜನ, ಅರ್ಧ ದಿನ, ಊಟ. ರಿಪೇರಿಗೆ ಹೋಗುವವರು ಅವರೇ. ಸೆನ್ಸರ್ ಟೋಪಿಯ ಮೇಲೆ ಹೊಗೆಯ ಜಿಡ್ಡು ಕೂತರೆ ರೀಡಿಂಗ್ ನಿಧಾನವಾಗುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲದಿದ್ದರೆ ಡಬ್ಬಿಯೇ ಹಾಳು ಅಂತ ಹೇಳಿಬಿಡುತ್ತಾರೆ.

ಸೊಪ್ಪಿನಬೆಟ್ಟ, ಶಿರಸಿ

ಹಾಲ್ ಬಿಟ್ಟೆವು. ಮೂರು ಕಡೆ ಮೇಜು, 15 ಜನರ ಸಭೆ, ಆರು ನಿಮಿಷದ ವಿಡಿಯೊ. ಮೇಜಿನ ಮೇಲೆ ಡಬ್ಬಿ ಸರಿಯಾಗಿ ಅಳೆಯುತ್ತಿದೆ ಅಂತ ನಂಬಿಸುವುದು ಹೇಗೆ? ಒದ್ದೆ ಬಟ್ಟೆ ಹಿಡಿದರೆ ಸಂಖ್ಯೆ ಏರುತ್ತದೆ, ಆದರೆ ಅದು ಸರಿಯಾದ ಸಂಖ್ಯೆ ಅಂತ ಹೇಗೆ ಗೊತ್ತಾಗಬೇಕು?

ಅಘನಾಶಿನಿ

ಉಪ್ಪಿನ ಭರಣಿ. ಗಾಜಿನ ಭರಣಿಯ ತಳಕ್ಕೆ ಎರಡು ಬೆರಳು ಉಪ್ಪು ಹಾಕಿ, ನೀರು ಸ್ವಲ್ಪ ಸ್ವಲ್ಪವೇ ಬಿಡಿ. ಒದ್ದೆ ಮರಳಿನ ಹದಕ್ಕೆ ಬರಬೇಕು, ಮೇಲೆ ನೀರು ನಿಲ್ಲಬಾರದು. ಮುಚ್ಚಳಕ್ಕೆ ತೂತು ಮಾಡಿ ಸೆನ್ಸರ್ ಇಳಿಬಿಟ್ಟು, ತೂತಿನ ಸುತ್ತ ಮೇಣ ಹಚ್ಚಿ. ಉಪ್ಪಿಗೆ ತಾಗಬಾರದು. ಹಿಂದಿನ ರಾತ್ರಿಯೇ ಮುಚ್ಚಿಟ್ಟರೆ ಬೆಳಿಗ್ಗೆ ಒಳಗಿನ ತೇವಾಂಶ 75 ಶೇಕಡಾಕ್ಕೆ ಬಂದು ನಿಂತಿರುತ್ತದೆ, ಹೊರಗೆ 20 ಡಿಗ್ರಿ ಇರಲಿ 35 ಇರಲಿ. ನಿಮ್ಮ ಸೆನ್ಸರ್ ಎರಡು ಹೆಚ್ಚು ಕಡಿಮೆ ತೋರಿಸಬಹುದು: 73ರಿಂದ 77ರ ಒಳಗಿದ್ದರೆ ಸರಿ. ಭರಣಿ ಮೇಲೆ ದೊಡ್ಡದಾಗಿ 75 ಅಂತ ಬರೆದಿಡಿ, ಫೋನಿನ ಸಂಖ್ಯೆ ಪಕ್ಕದಲ್ಲಿ ಕಾಣಲಿ.

ಸಾಣಿಕಟ್ಟೆ ಆಗರದ ಹರಳುಪ್ಪು ಹಾಕಬೇಡಿ. ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತದೆ, ಅದು ನೀರು ಹಿಡಿದುಕೊಳ್ಳುವುದರಿಂದ ಸಂಖ್ಯೆ 75ರ ಕೆಳಗೇ ನಿಲ್ಲುತ್ತದೆ. ಪ್ಯಾಕೆಟ್ಟಿನ ಪುಡಿ ಉಪ್ಪು ತನ್ನಿ.