ಪೊಸಡಿಗುಂಪೆಯೂ ಇನ್ನೊಂದು ಬೇಕಲ ಆಗುತ್ತಾ?

ಗುಡ್ಡೆಮನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆ ಗುಡ್ಡದ ಬುಡದಲ್ಲಿ. ಭಾನುವಾರ ಬಂತು ಅಂದ್ರೆ ಬೈಕು, ಕಾರುಗಳ ಸಾಲು. ಕಳೆದ ವಾರ ಮೇಯಲು ಹೋದ ನಮ್ಮ ದನ ಚಿಪ್ಸ್ ತೊಟ್ಟೆ ಜಗಿಯುತ್ತಾ ಬಂತು, ಬಾಯಿಗೆ ಕೈ ಹಾಕಿ ಎಳೆಯುವಷ್ಟರಲ್ಲಿ ಅರ್ಧ ಒಳಗೇ ಹೋಗಿತ್ತು. ಇನ್ನೂ ಜಾಸ್ತಿ ಜನ ಬರಬೇಕಂತೆ. ನಮ್ಮ ಜಿಲ್ಲೆಯಲ್ಲೇ ಕಡಲಕರೆಯ ಕೋಟೆ ಇರುವ ಬೇಕಲದ ಕಡೆಯವರು ಹೇಳಿ, ಪ್ರವಾಸಿಗರು ಬಂದು ನಿಮಗೇನು ಸಿಕ್ಕಿತು?

ಕಡಲಕರೆ: ಅಣ್ಣ, 1992ರಲ್ಲಿ ಕೇಂದ್ರ ಸರ್ಕಾರ ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶ ಅಂತ ಆರಿಸಿತು, 1995ರಲ್ಲಿ ಅದಕ್ಕೇ ಒಂದು ನಿಗಮ ಆಯಿತು, ಆಮೇಲೆ ಜಾಗ ಪಡೆದು ದೊಡ್ಡ ರೆಸಾರ್ಟುಗಳಿಗೆ ಗುತ್ತಿಗೆಗೆ ಕೊಟ್ಟರು. ಕೆಲಸ ಸಿಗಲಿಲ್ಲ ಅಂತಲ್ಲ, ನನ್ನ ತಂಗಿಯೇ ಒಂದು ಕಡೆ ಹೋಗುತ್ತಾಳೆ. ಆದರೆ ಅಪ್ಪ ಬಲೆ ಒಣಗಿಸುತ್ತಿದ್ದ ಜಾಗಕ್ಕೆ ಈಗ ಗೋಡೆ ಸುತ್ತಿ ಹೋಗಬೇಕು.

ಕುಂಬಳೆಯವಳು: ಭಾಷೆಯ ವಿಷಯವೂ ಇದೆ ಅಲ್ವಾ? ಬೇಕಲ ಕೋಟೆ ಕನ್ನಡದ ಅರಸರಾದ ಇಕ್ಕೇರಿ ನಾಯಕರ ಕಾಲದ್ದು. ನಮ್ಮ ಕಡೆ ಹಾಕುವ ಬೋರ್ಡಿನಲ್ಲಾದರೂ ಕನ್ನಡ ಬೇಕು.

ಗುಡ್ಡೆಮನೆ: ಹೌದು ಅಕ್ಕ. ಮುಂದಿನ ಗ್ರಾಮಸಭೆಯಲ್ಲಿ ಎರಡೂ ಕೇಳುತ್ತೇನೆ, ಮೊದಲು ಕಸದ್ದು.

ಕಡಲಕರೆ: ಬರೆದು ಕೊಡಿ, ನಕಲಿಗೆ ಸೀಲು ಹಾಕಿಸಿಕೊಳ್ಳಿ. ಸುಮ್ನೆ ಬಾಯಲ್ಲಿ ಹೇಳಿದ್ದು ನಮ್ಮಲ್ಲಿ ಎಲ್ಲಿಗೂ ಮುಟ್ಟಲಿಲ್ಲ. ದನ ಹುಷಾರಾಗಿದೆಯಾ?