ಅಪ್‌ಡೇಟ್: ಎಂ416 ಟ್ರೈಲರ್ ಹೊದಿಕೆಗೆ ಕಮಾನು ಆಯ್ತು

ಜೀಪ್ ಹಿಂದೆ ಎಳೆಯುವ ಕಾಲು ಟನ್ನಿನ ಹಳೇ ಮಿಲಿಟರಿ ಟ್ರೈಲರ್ ನನ್ನದು. ಮಳೆ ಬಂದರೆ ಕ್ಯಾನ್ವಾಸ್ ನಡುವೆ ತಗ್ಗಿ ನೀರು ನಿಲ್ಲುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಕೆಲಸ ಮುಗಿದಿದೆ.

ಮೊದಲು ಪಿವಿಸಿ ಪೈಪ್ ಬಗ್ಗಿಸಿ ಹಾಕಿದೆ. ಎರಡು ದಿನ ಬಿಸಿಲಿಗೆ ಮೆತ್ತಗಾಗಿ ಜೋತುಬಿತ್ತು. ಒಂದು ಚದರ ಮೀಟರ್ ಮೇಲೆ ಬರೀ 5 ಸೆಂ.ಮೀ. ನೀರು ನಿಂತರೂ 50 ಕೆಜಿ ಆಗುತ್ತದೆ, ಅದು ಎಲ್ಲಿ ತಡೆಯುತ್ತದೆ?

ಆಮೇಲೆ ವೈರಿಂಗ್‌ಗೆ ಬಳಸುವ 20 ಮಿ.ಮೀ. ಕಬ್ಬಿಣದ ಪೈಪ್ ತಂದು, ಬೆಂಡರ್‌ನಲ್ಲಿ ಮೂರು ಕಮಾನು ಬಗ್ಗಿಸಿದೆ. ನಡುವಿನದನ್ನು ಮಾತ್ರ ನಾಲ್ಕು ಬೆರಳು ಎತ್ತರ ಇಟ್ಟೆ, ನೀರು ಹಿಂದಕ್ಕೂ ಮುಂದಕ್ಕೂ ಹರಿದುಹೋಗಲಿ ಅಂತ. ತೊಟ್ಟಿಗೆ ಒಂದು ತೂತೂ ಕೊರೆದಿಲ್ಲ. ಈ ಟ್ರೈಲರ್ ನೀರಲ್ಲಿ ತೇಲುವ ಹಾಗೆ ಮಾಡಿದ್ದು, ಅದನ್ನು ಕೆಡಿಸಲು ಮನಸ್ಸೇ ಬರಲಿಲ್ಲ. ಬದಲಿಗೆ ಒಳಗೆ ಎರಡೂ ಬದಿಗೆ ಮರದ ಪಟ್ಟಿ ಇಟ್ಟು, ಅವು ಒಳಕ್ಕೆ ಜಾರದಂತೆ ಅಡ್ಡಕ್ಕೆ ಎರಡು ತುಂಡು ಬಿಗಿದು, ಪಟ್ಟಿಯ ತೂತುಗಳಲ್ಲಿ ಕಮಾನಿನ ಕಾಲು ಇಳಿಸಿದೆ. ಬೇಡ ಅಂದಾಗ ಎತ್ತಿ ತೆಗೆಯಬಹುದು.

ಕ್ಯಾನ್ವಾಸ್ ಉಜ್ಜಿ ಹರಿಯದಿರಲು ಪೈಪಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದೇನೆ. ಇನ್ನೊಂದು ಮಾತು: ಹತ್ತಿ ಕ್ಯಾನ್ವಾಸ್ ಒದ್ದೆಯಾದರೆ ಬಿಗಿಯುತ್ತದೆ, ಹಗ್ಗ ಸ್ವಲ್ಪ ಸಡಿಲ ಬಿಡಿ. ನಾನು ಜಾಸ್ತಿ ಎಳೆದು ಕಟ್ಟಿ, ಕ್ಯಾನ್ವಾಸ್ ಅಂಚಿನಲ್ಲಿ ಹಗ್ಗ ಪೋಣಿಸುವ ಒಂದು ಕಣ್ಣು ಕಿತ್ತುಬಂತು, ಅದನ್ನಿನ್ನೂ ಹೊಲಿಯಬೇಕು.

ನಿನ್ನೆ ರಾತ್ರಿ ಜೋರು ಮಳೆ. ಬೆಳಗ್ಗೆ ಕೈ ಹಾಕಿ ನೋಡಿದೆ, ಒಳಗೆ ಒಣಗಿಯೇ ಇತ್ತು. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.