ಪದಚರ್ಚೆ: 'ಫಾರಿನ್ ಎಲ್‌ಎಲ್‌ಸಿ'ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತು ರಾತ್ರಿಯೊಳಗೆ ಬೇಕು)

ಫ್ರೀಮಾಂಟ್‌ನಿಂದ, ಕೇಳಿದವಳು:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು. ಬೆಳಗ್ಗೆ ಪ್ರಿಂಟಿಗೆ ಕೊಡಬೇಕು, ಹಾಗಾಗಿ ಅವಸರ.

ನನ್ನ ಪರಿಚಯದ ಒಂದು ಮನೆಯವರು ಟೆಕ್ಸಸ್‌ನಲ್ಲಿ ದೋಸೆ ಹಿಟ್ಟು, ಚಟ್ನಿಪುಡಿ ಮಾಡಿ ಮಾರುತ್ತಾರೆ. ಅಲ್ಲೇ ಎಲ್‌ಎಲ್‌ಸಿ (ಲಿಮಿಟೆಡ್ ಲಯಬಿಲಿಟಿ ಕಂಪನಿ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರುವ ಕಂಪನಿ) ಮಾಡಿಕೊಂಡಿದ್ದಾರೆ. ಈಗ ನಮ್ಮ ಕ್ಯಾಲಿಫೋರ್ನಿಯಾದಲ್ಲೂ ಒಂದು ಅಡುಗೆಮನೆ ಬಾಡಿಗೆಗೆ ಹಿಡಿದಿದ್ದಾರೆ. ಹೊಸ ಕಂಪನಿ ಬೇಕಿಲ್ಲ, ಇರುವುದನ್ನೇ ಇಲ್ಲಿ ನೋಂದಾಯಿಸಿದರೆ ಸಾಕು. ಫಾರಂ ಎಲ್‌ಎಲ್‌ಸಿ-5, ಶುಲ್ಕ 70 ಡಾಲರ್. ತೊಡಕೆಲ್ಲ ಫಾರಮ್ಮಿನ ತಲೆಬರಹದಲ್ಲೇ ಇದೆ. ಟೆಕ್ಸಸ್ ಕಂಪನಿಯನ್ನು ಅಲ್ಲಿ 'ಫಾರಿನ್' ಅಂತ ಕರೆದಿದ್ದಾರೆ.

ಪಾಲುದಾರರಲ್ಲಿ ಆ ಮನೆಯ ಅತ್ತೆಯೂ ಒಬ್ಬರು. ಹಿಟ್ಟಿನ ಹದ ಅವರದೇ. ಇಂಗ್ಲಿಷ್ ಬರುತ್ತೆ, ಆದರೆ ಸಹಿ ಹಾಕುವ ಕಾಗದ ಕನ್ನಡದಲ್ಲಿ ಅರ್ಥವಾಗದೆ ಸಹಿ ಹಾಕುವವರಲ್ಲ. ಅವರಿಗಾಗಿ ಎರಡು ಪುಟದ ಟಿಪ್ಪಣಿ ಬರೆದೆ. 'ವಿದೇಶಿ ಕಂಪನಿ' ಅಂತ ಹಾಕಿದ್ದೆ. ಓದಿದವರು ಪೆನ್ನು ಕೆಳಗಿಟ್ಟರು. "ನಾವು ಈ ದೇಶದ ಪೌರರಾಗಿ 12 ವರ್ಷ ಆಯ್ತು. ಇನ್ನೂ ವಿದೇಶಿ ಅಂತಾರಾ?"

ಗಣಕದ ಅನುವಾದ ಇನ್ನೂ ಚೆನ್ನಾಗಿದೆ. ಹೀಗೆ ಇನ್ನೊಂದು ರಾಜ್ಯದಲ್ಲಿ ನೋಂದಾಯಿಸುವುದಕ್ಕೆ 'ಫಾರಿನ್ ಕ್ವಾಲಿಫಿಕೇಶನ್' ಅಂತಾರೆ, ಅದನ್ನು ಗಣಕ 'ವಿದೇಶಿ ಅರ್ಹತೆ' ಅಂತು. ಲಂಡನ್ನಿನಲ್ಲಿ ಓದಿ ಬಂದ ಹಾಗೆ. ಅರ್ಜಿ ಹೋಗಬೇಕಾದ್ದು ರಾಜ್ಯದ 'ಸೆಕ್ರೆಟರಿ ಆಫ್ ಸ್ಟೇಟ್' ಕಚೇರಿಗೆ. ಅದನ್ನು 'ವಿದೇಶಾಂಗ ಕಾರ್ಯದರ್ಶಿ' ಮಾಡಿಟ್ಟಿದೆ. ಈಗ ನಮ್ಮ ದೋಸೆ ಹಿಟ್ಟು ವಿದೇಶಾಂಗ ವ್ಯವಹಾರ!

ಇದೇ ಟಿಪ್ಪಣಿಯನ್ನು ಶನಿವಾರ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಬೇರೆ ವ್ಯಾಪಾರಿಗಳಿಗೂ ಹಂಚುವ ಯೋಚನೆ ಇದೆ. ಅದೇ ರಾಜ್ಯದಲ್ಲಿ ಹುಟ್ಟಿದ್ದಕ್ಕೆ 'ಡೊಮೆಸ್ಟಿಕ್' ಅಂತಾರೆ, ಅದಕ್ಕೂ ಒಂದು ಪದ ಹೇಳಿ. 'ಗೃಹ' ಬೇಡ, ಗೃಹಕೈಗಾರಿಕೆ ಆಗುತ್ತೆ.

ಮೈಸೂರಿನ ವಕೀಲ:

'ವಿದೇಶಿ' ತಪ್ಪು. ನಮ್ಮ 2013ರ ಕಂಪನಿ ಕಾಯ್ದೆಯಲ್ಲಿ, ಸೆಕ್ಷನ್ 2(42), ವಿದೇಶಿ ಕಂಪನಿ ಅಂದರೆ ಭಾರತದ ಹೊರಗೆ ಹುಟ್ಟಿ ಇಲ್ಲಿ ವ್ಯವಹಾರ ಮಾಡುವುದು. ಆ ಪದಕ್ಕೆ ಆಗಲೇ ಒಡೆಯ ಇದ್ದಾನೆ. ಮುಂಬೈ ಕಂಪನಿ ಮೈಸೂರಿನಲ್ಲಿ ಅಂಗಡಿ ತೆರೆದರೆ ಅದನ್ನು ಯಾರೂ ವಿದೇಶಿ ಅನ್ನಲ್ಲ. ಕರ್ನಾಟಕದ ಜಿಎಸ್‌ಟಿ ನಂಬರ್ ಬೇರೆ ತೆಗೆದುಕೊಳ್ಳಬೇಕು, ಅಂಗಡಿ ಕಾಯ್ದೆಯಲ್ಲಿ ನೋಂದಣಿ ಆಗಬೇಕು. ಕಂಪನಿ ಮಾತ್ರ ದೇಶಕ್ಕೆಲ್ಲ ಒಂದೇ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಎಲ್‌ಎಲ್‌ಸಿ ಹುಟ್ಟುವುದೇ ರಾಜ್ಯದ ಕಾನೂನಿನಲ್ಲಿ. ಪಕ್ಕದ ರಾಜ್ಯಕ್ಕೆ ಅದು ಹೊರಗಿನದು. ನಮ್ಮಲ್ಲಿ ಆ ಸಂಗತಿಯೇ ಇಲ್ಲ, ಪದ ಎಲ್ಲಿಂದ ಬರಬೇಕು?

'ಹೊರರಾಜ್ಯ ಕಂಪನಿ' ಅನ್ನಿ. ಮುಗಿಸಿ.

ಧಾರವಾಡದ ಮೇಷ್ಟ್ರು:

ಅಷ್ಟು ಬೇಗ ಮುಗಿಸಬ್ಯಾಡ್ರಿ ವಕೀಲರೇ. 'ಹೊರರಾಜ್ಯ' ಅರಿಸಮಾಸ. 'ಹೊರ' ಕನ್ನಡ, 'ರಾಜ್ಯ' ಸಂಸ್ಕೃತ, ಎರಡನ್ನೂ ಬೆಸೆಯಬಾರದು.

ತಂಗಿ, ನಾವು ಆ ದೇಶಕ್ಕೆ ಏನಂತ ಕರೆಯುತ್ತ ಬಂದೇವಿ? ಅಮೆರಿಕ ಸಂಯುಕ್ತ ಸಂಸ್ಥಾನ. ಅಂದಮೇಲೆ ಟೆಕ್ಸಸ್ ಒಂದು ಸಂಸ್ಥಾನ, ಕ್ಯಾಲಿಫೋರ್ನಿಯಾ ಇನ್ನೊಂದು. ಹಿಂದೆ ಮೈಸೂರು ಸಂಸ್ಥಾನ, ಹೈದರಾಬಾದ್ ಸಂಸ್ಥಾನ ಇದ್ದ ಹಾಗೆ. ನಮ್ಮ ಧಾರವಾಡ 1956ರ ತನಕ ಮುಂಬಯಿಗೆ ಸೇರಿತ್ತು. ಮೈಸೂರಿನವರಿಗೆ ನಾವು ಹೊರಗಿನವರೇ, ಆದರೆ ವಿದೇಶಿಗಳಲ್ಲ. ಈ ಭಾವ ಹಿಡಿಯುವ ಪದ 'ಪರಸಂಸ್ಥಾನ'. ಪರಸ್ಥಳ, ಪರಊರು ಅಂತ ನಮ್ಮ ಕಡೆ ದಿನಾ ಅಂತೇವಿ, ಆ ಜಾಡಿನಲ್ಲೇ ಬರುತ್ತದೆ. ಡೊಮೆಸ್ಟಿಕ್ ಅಂದರೆ 'ಸ್ವಸಂಸ್ಥಾನ'.

ಮೈಸೂರಿನ ವಕೀಲ:

ಮೇಷ್ಟ್ರೇ, ಸಮಾಸದ ಮಾತು ಬಿಡಿ. ಮಳೆಗಾಲ ಚಳಿಗಾಲ ಅನ್ನುವ ಅರಿಸಮಾಸಗಳಲ್ಲೇ ಕಾಲ ಕಳೆದವರು ನಾವು. ಆದರೆ ಸಂಸ್ಥಾನದ ಮಾತಿನಲ್ಲಿ ಹುರುಳಿದೆ, ಒಪ್ಪಿದೆ. 1839ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಇದೇ ಪ್ರಶ್ನೆ ಬಂದಿತ್ತು. ಜಾರ್ಜಿಯಾದ ಬ್ಯಾಂಕ್ ಆಫ್ ಆಗಸ್ಟಾ ಅಲಬಾಮದಲ್ಲಿ ಹುಂಡಿ (ಹಣ ಕೊಡಬೇಕೆಂಬ ವ್ಯಾಪಾರದ ಪತ್ರ) ಕೊಂಡಿತ್ತು. ಹೊರಗಿನ ಬ್ಯಾಂಕಿಗೆ ಇಲ್ಲಿ ಆ ಹಕ್ಕೇ ಇಲ್ಲ ಅಂತ ಹುಂಡಿಯ ಹಣ ಕೊಡಬೇಕಾದವನ ವಾದ. ಕಂಪನಿ ಹುಟ್ಟಿದ ರಾಜ್ಯದಲ್ಲೇ ವಾಸ ಮಾಡಬೇಕು, ಇನ್ನೊಂದು ಒಡೆತನದ ನೆಲಕ್ಕೆ ವಲಸೆ ಹೋಗಲಾರದು ಅಂತ ಕೋರ್ಟು ಹೇಳಿತು. ಆದರೆ ಅಲ್ಲಿನ ರಾಜ್ಯ ಬೇಡ ಅನ್ನದಿದ್ದರೆ, ರಾಜ್ಯಗಳು ಒಂದಕ್ಕೊಂದು ಕೊಡುವ ಮರ್ಯಾದೆಯ ಮೇಲೆ ಹೋಗಿ ವ್ಯವಹಾರ ಮಾಡಬಹುದು ಅಂತಲೂ ಹೇಳಿತು. 'ಫಾರಿನ್' ಅನ್ನುವ ಮಾತಿನ ಹಿಂದೆ ಇರುವುದು ಈ ಯೋಚನೆ. ರಾಜ್ಯಗಳು ಒಂದಕ್ಕೊಂದು ಬೇರೆ ಬೇರೆ ಒಡೆಯರು.

ಆದರೂ ಈಗ ಯಾರು ಸ್ವಾಮಿ ಸಂಸ್ಥಾನ ಅಂತಾರೆ? ಮಠ ಅಂದ್ಕೋತಾರೆ.

ಶಿವಮೊಗ್ಗದ ಅಚ್ಚಗನ್ನಡಿಗ:

ಸಂಸ್ಥಾನವೂ ಸಂಸ್ಕೃತ, ರಾಜ್ಯವೂ ಸಂಸ್ಕೃತ, ಕಂಪನಿ ಇಂಗ್ಲಿಷ್. ಕನ್ನಡ ಎಲ್ಲಿದೆ ಇದರಲ್ಲಿ? ನಾಡು ಇದೆ, ಹೊಣೆ ಇದೆ, ಕೂಟ ಇದೆ. 'ಹೊರನಾಡ ಮಿತಹೊಣೆ ಕೂಟ'. ಡೊಮೆಸ್ಟಿಕ್‌ಗೆ 'ಒಳನಾಡ ಮಿತಹೊಣೆ ಕೂಟ'. ಎಳೆಯರಿಗೂ ತಿಳಿಯುತ್ತದೆ.

ಡಲ್ಲಾಸ್ ಲೆಕ್ಕಿಗ:

ಎಳೆಯರಿಗೆ ತಿಳಿಯುತ್ತೆ, ಇಲ್ಲಿ ಹಿರಿಯರಿಗೆ ತಪ್ಪಾಗಿ ತಿಳಿಯುತ್ತೆ. ಅಮೆರಿಕದಲ್ಲಿ ಕೂಟ ಅಂದರೆ ಕನ್ನಡ ಕೂಟ, ಬೇರೆ ಅರ್ಥವೇ ಇಲ್ಲ. 'ಹೊರನಾಡ ಕೂಟದ ನೋಂದಣಿ' ಅಂತ ಹಂಚಿದರೆ ಅನ್ನಪೂರ್ಣೇಶ್ವರಿ ದರ್ಶನಕ್ಕೆ ಬಸ್ಸು ಹೊರಡುತ್ತೆ ಅಂತ ಸಾಲು ನಿಲ್ಲುತ್ತಾರೆ. ಅಂದಹಾಗೆ ಮಿತವೂ ಸಂಸ್ಕೃತವೇ, ಅಲ್ವಾ?

ಶಿವಮೊಗ್ಗದ ಅಚ್ಚಗನ್ನಡಿಗ:

ನಗುವುದು ಸುಲಭ. 'ಕಟ್ಟುಹೊಣೆ' ಅನ್ನಿ ಹಾಗಾದರೆ.

ಮೈಸೂರಿನ ವಕೀಲ:

ಕಟ್ಟುಹೊಣೆ ಅಂದರೆ ಹೊಣೆಗೆ ಕಟ್ಟುಬಿದ್ದವನು ಅಂತಾಗುತ್ತೆ. ಎಲ್‌ಎಲ್‌ಸಿ ಮಾಡುವುದೇ ಅದರಿಂದ ತಪ್ಪಿಸಿಕೊಳ್ಳೋಕೆ. ಸಾಲ ಕಂಪನಿಯ ತಲೆಗೆ, ಮನೆಯ ತಲೆಗಲ್ಲ. ಹಳೆಗನ್ನಡದಲ್ಲಿ ಹೊಣೆ ಅಂದರೆ ಜಾಮೀನು ಅನ್ನುವುದನ್ನೂ ನೆನಪಿಡಿ.

ಯಾರೋ 'ಪರದೇಶಿ ಕಂಪನಿ' ಅಂತ ನನಗೆ ಬೇರೆಯಾಗಿ ಬರೆದಿದ್ದಾರೆ. ಪರದೇಶಿ ಅಂದರೆ ದಿಕ್ಕಿಲ್ಲದವನು. ಬೇಡ.

ಧಾರವಾಡದ ಮೇಷ್ಟ್ರು:

'ಲಿಮಿಟೆಡ್'ಗೆ ನಮ್ಮಲ್ಲಿ 'ನಿಯಮಿತ' ಇದೆಯಲ್ಲ. ಪ್ರತಿ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಬೋರ್ಡಿನ ಮೇಲೆ ನೋಡ್ರಿ. ಸಂಸ್ಕೃತದ ಯಮ್ ಧಾತು, ತಡೆ ಹಾಕು ಅಂತ ಅರ್ಥ. ಆದರೆ 'ನಿಯಮಿತವಾಗಿ ಹಾಲು ಹಾಕುತ್ತಾನೆ' ಅಂದರೆ ತಪ್ಪದೆ ಹಾಕುತ್ತಾನೆ ಅಂತಾಯಿತು. ಒಂದೇ ಪದ, ಸಂಘಕ್ಕೆ ಬೇಲಿ, ಹಾಲಿನವನಿಗೆ ಶಿಸ್ತು. ಇದು ಹೇಗೆ ಬಂತು ಅನ್ನುವುದೇ ಒಂದು ದೊಡ್ಡ ಕಥೆ. ಹೇಳಲೇನು?

ಫ್ರೀಮಾಂಟ್‌ನಿಂದ, ಕೇಳಿದವಳು:

ಮೇಷ್ಟ್ರೇ, ಭಾನುವಾರ ಹೇಳಿ, ಖಂಡಿತ ಕೇಳ್ತೀನಿ. ಈಗ ಇಲ್ಲಿ ರಾತ್ರಿ ಒಂಬತ್ತೂವರೆ.

'ಎಲ್‌ಎಲ್‌ಸಿ'ಯನ್ನು ಹಾಗೇ ಬಿಡುತ್ತೇನೆ. ಅತ್ತೆಗೂ ಅದು ಗೊತ್ತು. ಬೇಕಾಗಿರುವುದು 'ಫಾರಿನ್'ಗೆ ಮಾತ್ರ. ಇನ್ನೊಂದು: 'ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್' ಅಂತ ಟೆಕ್ಸಸ್‌ನಿಂದ ತರಿಸಬೇಕಂತೆ. 'ಸನ್ನಡತೆ ಪತ್ರ' ಅಂತ ಬರೆದಿದ್ದೆ. ಅತ್ತೆ ನಕ್ಕರು.

ಡಲ್ಲಾಸ್ ಲೆಕ್ಕಿಗ:

ಅಕ್ಕ, ನಗಲೇಬೇಕು. ಸನ್ನಡತೆ ಪತ್ರ ಕೊಡುವುದು ಹೆಡ್‌ಮಾಸ್ಟರು.

ನಮ್ಮ ಟೆಕ್ಸಸ್ ಕಡೆಯ ವಿಚಾರ ನಾನು ಹೇಳ್ತೀನಿ, ದಿನಾ ಇದೇ ಕೆಲಸ. ಇಲ್ಲಿ ಕಾಗದ ಎರಡು. ಒಂದನ್ನು ರಾಜ್ಯ ಕಾರ್ಯದರ್ಶಿ ಕಚೇರಿ ಕೊಡುತ್ತೆ: ಈ ಕಂಪನಿ ದಫ್ತರದಲ್ಲಿ ಇದೆ, ಮುಚ್ಚಿಲ್ಲ ಅಂತ. ಇನ್ನೊಂದನ್ನು ತೆರಿಗೆ ನೋಡುವ ಕಂಟ್ರೋಲರ್ ಕಚೇರಿ ಕೊಡುತ್ತೆ: ತೆರಿಗೆ ಲೆಕ್ಕ ಸರಿ ಇದೆ ಅಂತ. ಎರಡನೆಯದಕ್ಕೆ ಊರಲ್ಲಿ ಒಳ್ಳೆಯ ಪದ ಇದೆ, 'ಬೇಬಾಕಿ ಪತ್ರ'. ಸೊಸೈಟಿ ಸಾಲ ತೀರಿಸಿದವರಿಗೆಲ್ಲ ಗೊತ್ತು. ಮೊದಲನೆಯದಕ್ಕೆ 'ಚಾಲ್ತಿ ಪತ್ರ' ಅನ್ನಬಹುದು. ಕ್ಯಾಲಿಫೋರ್ನಿಯಾ ಕೇಳುವುದು ಮೊದಲನೆಯದನ್ನ, ಅದೂ ಕಳೆದ ಆರು ತಿಂಗಳೊಳಗೆ ಕೊಟ್ಟಿರಬೇಕು. ಬೇಬಾಕಿ ಅಂತ ಬರೆದರೆ ತಪ್ಪು ಕಚೇರಿಗೆ ಹೋಗಿ ತಪ್ಪು ಕಾಗದ ತರುತ್ತಾರೆ.

ಶಿವಮೊಗ್ಗದ ಅಚ್ಚಗನ್ನಡಿಗ:

ಬೇಬಾಕಿ, ದಫ್ತರ, ಚಾಲ್ತಿ. ಪಾರಸಿ, ಪಾರಸಿ, ಹಿಂದಿ. ಇದು ಕನ್ನಡದ ಪಟ್ಟಿಯೋ ನವಾಬರ ದರ್ಬಾರೋ? ನೋಂದಣಿಯಂಥ ಅಚ್ಚಗನ್ನಡ ಪದ ನಮ್ಮಲ್ಲಿರುವಾಗ ಇವೆಲ್ಲ ಯಾಕೆ?

ಧಾರವಾಡದ ಮೇಷ್ಟ್ರು:

ನೋಂದಣಿ ಅಚ್ಚಗನ್ನಡವೇ? ಬೆಳಗಾವಿ ದಾಟಿ ನೋಡ್ರಿ. ಮರಾಠಿಯಲ್ಲೂ ನೋಂದಣಿಯೇ, ಬರೆದಿಡುವುದಕ್ಕೆ 'ನೋಂದ್' ಅಂತಾರೆ. ಅತ್ತಲಿಂದ ಇತ್ತ ಬಂತೋ ಇತ್ತಲಿಂದ ಅತ್ತ ಹೋಯಿತೋ, ಜಗಳಕ್ಕೆ ಎರಡೂ ಕಡೆ ಜನ ಇದ್ದಾರೆ. ನಾನಂತೂ ಅಡ್ಡಾಡಿದ ಪದ ಅಂತೇನಿ.

ಕಂಪನಿ ಇಂಗ್ಲಿಷ್ ಅಂತೀರಿ. ನಮ್ಮ ಲಾವಣಿಕಾರರು ಅದನ್ನು ಕುಂಪಣಿ ಮಾಡಿ ಹಾಡಿ ಎಷ್ಟು ಕಾಲವಾಯಿತು? ಕನ್ನಡದ ನಾಲಿಗೆ ತಿರುಚಿಕೊಂಡ ಪದ ಕನ್ನಡದ್ದೇ.

ಶಿವಮೊಗ್ಗದ ಅಚ್ಚಗನ್ನಡಿಗ:

ಹಾಗಾದರೆ 'ಫಾರಿನ್ನು' ಅಂತಲೇ ಬರೆಯಲಿ. ಪದಚರ್ಚೆ ಯಾಕೆ ಬೇಕು?

ಮೈಸೂರಿನ ವಕೀಲ:

ನೋಂದಾಯಿಸುವವರು ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ನೀವಿಬ್ಬರೂ ಸೇರಿ ಅವರನ್ನು ನೊಂದವರು ಮಾಡ್ತಿದ್ದೀರಿ.

ಕೆಲಸದ ಮಾತು. 'ನೋಂದಣಿ' ಇರಲಿ, 'ಮರುನೋಂದಣಿ' ಬೇಡ. ಕಂಪನಿ ಮತ್ತೆ ಹುಟ್ಟುತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆಸರು ಬರೆಸಿದ ಮೇಲೂ ಅದು ಟೆಕ್ಸಸ್ ಕಂಪನಿಯೇ. ಪಾಲುದಾರರ ನಡುವಿನ ಲೆಕ್ಕಾಚಾರಕ್ಕೆ ಟೆಕ್ಸಸ್ ಕಾನೂನೇ. 'ಪರವಾನಗಿ'ಯೂ ಬೇಡ, ಅಡುಗೆಮನೆಗೆ ಬೇಕಾದ ಪರವಾನಗಿಯ ಜೊತೆ ಗೊಂದಲ ಆಗುತ್ತೆ. ನೋಂದಾಯಿಸದೆ ವ್ಯಾಪಾರ ಮಾಡಿದರೆ ಒಪ್ಪಂದಗಳೇನೂ ಬಿದ್ದುಹೋಗಲ್ಲ. ಆದರೆ ಬಾಕಿ ಕೊಡದ ಅಂಗಡಿಯವನ ಮೇಲೆ ಅಲ್ಲಿನ ಕೋರ್ಟಿನಲ್ಲಿ ದಾವೆ ಹೂಡೋಕೆ ಬಿಡಲ್ಲ. ಇದನ್ನು ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ನ್ಯೂಯಾರ್ಕ್‌ಗೆ ಹೋಗುವವರಿಗೂ ಒಂದು ಸಾಲು ಬರೆಯಿರಿ. ಅಲ್ಲಿ ಎರಡು ಪತ್ರಿಕೆಗಳಲ್ಲಿ ಆರು ವಾರ ಜಾಹೀರಾತು ಕೊಡಬೇಕು. ಡಂಗುರ ಸಾರಿದ ಹಾಗೆ.

ಡಲ್ಲಾಸ್ ಲೆಕ್ಕಿಗ:

ನನ್ನ ಓಟು 'ಬೇರೆ ರಾಜ್ಯದ ಎಲ್‌ಎಲ್‌ಸಿ'ಗೆ. ಎರಡು ಪದ ಬಿಡಿಸಿ ಬರೆದರೆ ಮೇಷ್ಟ್ರ ಅರಿಸಮಾಸವೂ ಇಲ್ಲ. 'ಬೇರೆ' ಅನ್ನುವುದು ನಿಂತ ಜಾಗದಿಂದ ನೋಡುವ ಮಾತು. ಇದೇ ಕಂಪನಿ ಇಲ್ಲಿ ಡೊಮೆಸ್ಟಿಕ್, ಅಲ್ಲಿ ಫಾರಿನ್. ಕ್ಯಾಲಿಫೋರ್ನಿಯಾದವರು ನಮ್ಮಲ್ಲಿಗೆ ಬಂದರೆ ಅವರೇ ಬೇರೆ, 750 ಡಾಲರ್ ಕಟ್ಟಬೇಕು. ನಮ್ಮವರು ಇಲ್ಲಿ ಹೊಸದಾಗಿ ಎಲ್‌ಎಲ್‌ಸಿ ಮಾಡಿದರೆ 300 ಸಾಕು. ಡೊಮೆಸ್ಟಿಕ್‌ಗೆ 'ಇದೇ ರಾಜ್ಯದ'. ಮೇಷ್ಟ್ರ ಸ್ವಸಂಸ್ಥಾನವನ್ನು ಸ್ವರಾಜ್ಯ ಮಾಡೋಣ ಅಂತ ಆಸೆ ಆಯ್ತು, ತಡೆದುಕೊಂಡೆ.

ಮೈಸೂರಿನ ವಕೀಲ:

ಒಂದು ಕೊಂಕು. ಬೇರೆ ದೇಶದ ಎಲ್‌ಎಲ್‌ಸಿ ಹೋದರೆ ಕ್ಯಾಲಿಫೋರ್ನಿಯಾ ಅದನ್ನೂ ಫಾರಿನ್ ಅಂತಲೇ ಕರೆಯುತ್ತೆ. ವಿಮೆ ಕಾನೂನಿನಲ್ಲಿ ಮಾತ್ರ ದೇಶದ ಹೊರಗಿನದಕ್ಕೆ 'ಏಲಿಯನ್' ಅಂತ ಬೇರೆ ಪದ ಇದೆ. 'ಬೇರೆ ರಾಜ್ಯದ' ಅಂದರೆ ಆ ಅರ್ಥ ಪೂರ್ತಿ ಬರಲ್ಲ.

ಫ್ರೀಮಾಂಟ್‌ನಿಂದ, ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಮಾಡಿದೆ. ಹಂಚುವ ಕಾಗದದ ಮೊದಲ ಸಾಲು: 'ಕ್ಯಾಲಿಫೋರ್ನಿಯಾದ ಹೊರಗೆ ಹುಟ್ಟಿದ ಎಲ್‌ಎಲ್‌ಸಿ (ಬೇರೆ ರಾಜ್ಯದ್ದಿರಲಿ, ಬೇರೆ ದೇಶದ್ದಿರಲಿ)'. ಅಲ್ಲಿಂದ ಮುಂದೆ ಎಲ್ಲ ಕಡೆ 'ಹೊರಗಿನ ಎಲ್‌ಎಲ್‌ಸಿ'. ಅತ್ತೆಯ ಪ್ರತಿಯಲ್ಲಿ ಮಾತ್ರ 'ಬೇರೆ ರಾಜ್ಯದ'. ಚಾಲ್ತಿ ಪತ್ರ ಉಳಿಸಿಕೊಂಡೆ. ಶಿವಮೊಗ್ಗದವರು ಕ್ಷಮಿಸಬೇಕು. 'ಹೊಣೆ' ನಿಮ್ಮದೇ, ಮೂರು ಕಡೆ ಬಳಸಿದ್ದೇನೆ.

ಫೋನಿನಲ್ಲಿ ಅತ್ತೆಗೆ ಓದಿ ಹೇಳಿದೆ. "ಹೂಂ, ಹೀಗೆ ಹೇಳು ಮತ್ತೆ" ಅಂದರು. ಸಹಿ ಹಾಕ್ತೀನಿ ಅಂದರು. ಆಮೇಲೆ ಎರಡನೇ ಪುಟದಲ್ಲಿ ವರ್ಷಕ್ಕೆ 800 ಡಾಲರ್ ತೆರಿಗೆ ಅನ್ನುವ ಸಾಲು ಬಂತು. ಲಾಭ ಇರಲಿ ಬಿಡಲಿ ಕಟ್ಟಲೇಬೇಕು. ಸ್ವಲ್ಪ ಹೊತ್ತು ಮಾತಿಲ್ಲ. "ಅದಕ್ಕೂ ಏನಾದ್ರೂ ಬೇರೆ ಪದ ಇದೆಯಾ ಕೇಳು ನಿಮ್ಮವರನ್ನ" ಅಂದರು.

ಧಾರವಾಡದ ಮೇಷ್ಟ್ರು:

ಕಂದಾಯ, ಸುಂಕ, ಕಪ್ಪ. ಕಪ್ಪ ಅಂದರೆ ಪರಸಂಸ್ಥಾನದವರು ಕೊಡುವುದು. ನಾನು ಮೊದಲೇ ಹೇಳಿದ್ದೆ.